ಮೂವತ್ತೇಳರಲ್ಲಿ ಮತ್ತೆ ವಿದ್ಯಾರ್ಥಿಯಾದ ಎಚ್ಚೆನ್

ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಹನ್ನೊಂದು ವರ್ಷ ಭೌತಶಾಸ್ತ್ರ ಬೋಧಿಸಿದ್ದ ಅಧ್ಯಾಪಕರೊಬ್ಬರು 1957ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಪೂರ್ಣಾವಧಿ ವಿದ್ಯಾರ್ಥಿಯಾಗಿ ಹೋದರು. ಆಗ ಅವರ ವಯಸ್ಸು ಮೂವತ್ತೇಳು. ಊರಿನಲ್ಲಿ ಅವರ ಪಾಠಕ್ಕೆ ಹೆಸರಿತ್ತು, ಕೆಲಸ ಭದ್ರವಾಗಿತ್ತು. ಕೈಯಲ್ಲಿದ್ದ ಎಂ.ಎಸ್ಸಿ. ಪದವಿ ಆ ಕೆಲಸಕ್ಕೆ ಸಾಕಷ್ಟಾಗಿತ್ತು. ಡಾಕ್ಟರೇಟ್ ಇಲ್ಲದಿದ್ದರೂ ಅವರು ನಿವೃತ್ತಿಯವರೆಗೆ ಅದೇ ಕಾಲೇಜಿನಲ್ಲಿ ಗೌರವದಿಂದ ಇರಬಹುದಿತ್ತು. ಆದರೂ ಹೊರಟರು. ಮೂರು ವರ್ಷಗಳ ನಂತರ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು. ಆಮೇಲೆ ಬಿಟ್ಟುಹೋಗಿದ್ದ ಅದೇ ಕಾಲೇಜಿಗೆ ಹಿಂತಿರುಗಿದರು. ನಾಡು ಅವರನ್ನು ಎಚ್ಚೆನ್ ಎಂದೇ ಕರೆಯಿತು. ಅವರು ಡಾ. ಎಚ್. ನರಸಿಂಹಯ್ಯ.

ದುಡಿಮೆಯನ್ನು ನಡುವೆ ನಿಲ್ಲಿಸಿ ತರಗತಿಗೆ ಮರಳುವುದು ಇಂದು ಅಪರೂಪದ ಸಂಗತಿಯಲ್ಲ. ಐದಾರು ವರ್ಷ ಸಾಫ್ಟ್‌ವೇರ್ ಕಂಪೆನಿಯಲ್ಲೋ ಬ್ಯಾಂಕಿನಲ್ಲೋ ಕೆಲಸ ಮಾಡಿದವರು ರಾಜೀನಾಮೆ ಕೊಟ್ಟು ಎಂ.ಬಿ.ಎ. ಓದಲು ಹೋಗುತ್ತಾರೆ. ಬನ್ನೇರುಘಟ್ಟ ರಸ್ತೆಯ ಭಾರತೀಯ ನಿರ್ವಹಣಾ ಸಂಸ್ಥೆ, ಅಂದರೆ ಐಐಎಂ, ಅನುಭವಸ್ಥರಿಗೆಂದೇ ಒಂದು ವರ್ಷದ ಪೂರ್ಣಾವಧಿ ಶಿಕ್ಷಣಕ್ರಮವನ್ನು ನಡೆಸಿದೆ. ಹೊರಡುವ ಮುನ್ನ ಎಲ್ಲರ ಮನೆಯಲ್ಲೂ ಒಂದು ಲೆಕ್ಕ ನಡೆಯುತ್ತದೆ. ಕಳೆದುಕೊಳ್ಳುವ ಸಂಬಳವೆಷ್ಟು, ಕಟ್ಟಬೇಕಾದ ಶುಲ್ಕವೆಷ್ಟು, ಮುಗಿಸಿದ ಮೇಲೆ ಸಿಗುವ ಹುದ್ದೆಯಿಂದ ಸಾಲ ತೀರಲು ಎಷ್ಟು ವರ್ಷ ಬೇಕು ಎಂಬ ಲೆಕ್ಕ ಅದು. ಅದು ತಪ್ಪು ಲೆಕ್ಕವೇನಲ್ಲ. ಸಂಸಾರವಿರುವವನು ಆ ಲೆಕ್ಕ ಹಾಕದೆ ಹೊರಟರೆ ಅದನ್ನು ಧೈರ್ಯವೆನ್ನಲಾಗದು. ಆದರೆ ಅದೇ ಲೆಕ್ಕದ ಪುಸ್ತಕದಲ್ಲಿ ನರಸಿಂಹಯ್ಯನವರ ಮೂರು ವರ್ಷಗಳನ್ನು ಬರೆದರೆ ಬರುವ ಉತ್ತರ ವಿಚಿತ್ರವಾಗಿದೆ.

ನರಸಿಂಹಯ್ಯನವರು ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ತುಮಕೂರು ಜಿಲ್ಲೆಯ ಮಧುಗಿರಿ, ಕೊರಟಗೆರೆ ಸೀಮೆಗೆ ಹೊಂದಿಕೊಂಡಿರುವ ಬಯಲುನಾಡು ಅದು. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಮನೆಯಲ್ಲಿ ಬಡತನವಿತ್ತು. ಊರಿನ ಶಾಲೆಯ ಓದು ಮುಗಿದ ಮೇಲೆ ಮುಂದಿನ ಓದಿಗೆ ಬೆಂಗಳೂರಿಗೇ ಹೋಗಬೇಕಾಗಿತ್ತು. ಪ್ರಯಾಣದ ದುಡ್ಡು ಹೊಂದಿಸಲಾಗದೆ 1935ರಲ್ಲಿ ಆ ಹುಡುಗ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಹೋದ. ಐವತ್ತು ಮೈಲಿಗೂ ಹೆಚ್ಚಿನ ದಾರಿ. ಹೀಗೆ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದ್ದಾಯಿತು. 1917ರಲ್ಲಿ ರಾಷ್ಟ್ರೀಯ ಶಿಕ್ಷಣದ ಹಂಬಲದಿಂದ ಹುಟ್ಟಿದ ಆ ಶಾಲೆಯೊಂದಿಗೆ ಅಂದು ಬೆಳೆದ ನಂಟು ಎಪ್ಪತ್ತು ವರ್ಷ ಕಡಿಯಲಿಲ್ಲ.

ಮರುವರ್ಷ, 1936ರಲ್ಲಿ, ಆರೋಗ್ಯ ಸುಧಾರಣೆಗಾಗಿ ನಂದಿಬೆಟ್ಟಕ್ಕೆ ಬಂದಿದ್ದ ಗಾಂಧೀಜಿಯವರು ಬೆಂಗಳೂರಿನಲ್ಲೂ ತಂಗಿದರು. ನ್ಯಾಷನಲ್ ಹೈಸ್ಕೂಲಿಗೆ ಅವರು ಭೇಟಿ ನೀಡಿದಾಗ ಅವರ ಹಿಂದಿ ಮಾತುಗಳನ್ನು ಕನ್ನಡಕ್ಕೆ ತಂದವನು ಹೊಸೂರಿನಿಂದ ನಡೆದು ಬಂದಿದ್ದ ಈ ವಿದ್ಯಾರ್ಥಿಯೇ. ಖಾದಿ ಆಮೇಲೆ ಅವರ ಮೈಬಿಡಲಿಲ್ಲ. ಬಿಳಿಯ ಖಾದಿ ಉಡುಪು, ತಲೆಯ ಮೇಲೆ ಗಾಂಧಿ ಟೋಪಿ ಎಂದರೆ ಎಚ್ಚೆನ್ ಎಂದು ದೂರದಿಂದಲೇ ಗುರುತಿಸುವಷ್ಟು ಅದು ಅವರ ಚಹರೆಯ ಭಾಗವಾಯಿತು.

ಅವರ ಓದಿಗೆ ಮೊದಲ ತಡೆ ಬಂದದ್ದು 1942ರಲ್ಲಿ. ಆಗ ಅವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಆನರ್ಸ್ ವಿದ್ಯಾರ್ಥಿ. ಕ್ವಿಟ್ ಇಂಡಿಯಾ ಚಳವಳಿಗೆ ಕರೆ ಬಂದೊಡನೆ ತರಗತಿ ಬಿಟ್ಟರು. ಬಂಧನವಾಯಿತು. ಬೆಂಗಳೂರು, ಮೈಸೂರು, ಪುಣೆಯ ಯರವಾಡ ಸೆರೆಮನೆಗಳನ್ನು ಕಂಡರು. ಹಾಗೆ ಜೈಲಿಗೆ ಹೋದ ಎಷ್ಟೋ ವಿದ್ಯಾರ್ಥಿಗಳು ಮತ್ತೆ ಪುಸ್ತಕ ಮುಟ್ಟಲಿಲ್ಲ. ಕೆಲವರು ಪೂರ್ಣಾವಧಿ ರಾಜಕೀಯಕ್ಕೆ ಹೋದರು, ಕೆಲವರು ಹೊಟ್ಟೆಪಾಡಿಗೆ ಸಿಕ್ಕಿದ ಕೆಲಸ ಹಿಡಿದರು. ನರಸಿಂಹಯ್ಯನವರು ಕಾಲೇಜಿಗೆ ಮರಳಿದರು. ಆನರ್ಸ್ ಮುಗಿಸಿ, 1946ರಲ್ಲಿ ಎಂ.ಎಸ್ಸಿ. ಪದವಿ ಪಡೆದರು. ಬಿಟ್ಟುಹೋದ ಪಾಠವನ್ನು ಮತ್ತೆ ಹಿಡಿದು ಮುಂದುವರಿಸುವ ಅಭ್ಯಾಸ ಅವರಿಗೆ ಇಪ್ಪತ್ತರ ಹರೆಯದಲ್ಲೇ ಆಗಿತ್ತೆಂದು ಇದರಿಂದ ತಿಳಿಯುತ್ತದೆ.

ಅದೇ 1946ರಲ್ಲಿ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದರು. ಕಾಲೇಜು ಆರಂಭವಾಗಿ ಆಗಷ್ಟೇ ಒಂದು ವರ್ಷವಾಗಿತ್ತು. ಮದುವೆಯಾಗಲಿಲ್ಲ, ಬೇರೆ ಮನೆ ಮಾಡಲಿಲ್ಲ. ವಿದ್ಯಾರ್ಥಿ ನಿಲಯದ ಕೋಣೆಯೇ ಅವರ ಮನೆಯಾಯಿತು. ಹಳ್ಳಿಗಳಿಂದ ಬಂದ, ಶುಲ್ಕ ಕಟ್ಟಲಾಗದ, ಊಟಕ್ಕೆ ದಾರಿ ಹುಡುಕುತ್ತಿದ್ದ ಹುಡುಗರ ನಡುವೆ ಅವರ ದಿನಗಳು ಸಾಗಿದವು. ಅಂತಹ ಹುಡುಗರ ಸ್ಥಿತಿಯನ್ನು ಅವರಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಆ ಹನ್ನೊಂದು ವರ್ಷಗಳಲ್ಲಿ ಹೊರಜಗತ್ತಿನಲ್ಲಿ ಅವರ ವಿಷಯಕ್ಕೆ ಏನಾಯಿತು ಎಂಬುದನ್ನು ಇಲ್ಲಿ ಸ್ವಲ್ಪ ನೋಡಬೇಕು. ಅವರು ಎಂ.ಎಸ್ಸಿ. ಮುಗಿಸಿದ ಮರುವರ್ಷ, 1947ರಲ್ಲಿ, ವಿಶ್ವಕಿರಣಗಳಲ್ಲಿ ಪಯಾನ್ ಎಂಬ ಕಣ ಪತ್ತೆಯಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1949ರಲ್ಲಿ ಮರಿಯಾ ಗೋಪರ್ಟ್ ಮೇಯರ್ ಮತ್ತು ಹಾನ್ಸ್ ಯೆನ್ಸನ್ ಬೇರೆಬೇರೆಯಾಗಿ ಪರಮಾಣು ಬೀಜದ ಕವಚ ಮಾದರಿಯನ್ನು ಮುಂದಿಟ್ಟರು. 1956ರಲ್ಲಿ ಮುಂಬಯಿಯ ಟ್ರಾಂಬೆಯಲ್ಲಿ ಭಾರತದ ಮೊದಲ ಪರಮಾಣು ರಿಯಾಕ್ಟರ್ ಅಪ್ಸರಾ ಕೆಲಸ ಆರಂಭಿಸಿತು. ಅಂದರೆ 1946ರ ಪದವೀಧರನೊಬ್ಬ ತಾನು ಕಲಿತದ್ದನ್ನೇ ವರ್ಷವರ್ಷವೂ ಕಲಿಸುತ್ತಾ ಹೋದರೆ, ಹತ್ತು ವರ್ಷದಲ್ಲಿ ಅವನ ಟಿಪ್ಪಣಿ ಪುಸ್ತಕ ಹಳೆಯ ಪಂಚಾಂಗವಾಗುವ ಕಾಲ ಅದು. ಎಲ್ಲ ಅಧ್ಯಾಪಕರಿಗೂ ಈ ಸಂಕಟ ಇರುತ್ತದೆ. ಹೆಚ್ಚಿನವರು ಹೊಸ ಪುಸ್ತಕವೊಂದನ್ನು ಗ್ರಂಥಾಲಯಕ್ಕೆ ತರಿಸಿ ಸಮಾಧಾನಪಡುತ್ತಾರೆ.

ಹೊರಡಲು ಕಾಲವೂ ಅನುಕೂಲವಾಗಿರಲಿಲ್ಲ. ಎರಡನೆಯ ಪಂಚವಾರ್ಷಿಕ ಯೋಜನೆಯ ಆಮದುಗಳಿಂದ ದೇಶದ ವಿದೇಶಿ ವಿನಿಮಯ ಬರಿದಾಗುತ್ತಿದ್ದ ದಿನಗಳವು. ಒಂದು ಡಾಲರಿಗೆ ಅಧಿಕೃತ ದರ 4 ರೂಪಾಯಿ 76 ಪೈಸೆ ಆಗಿದ್ದರೂ ಡಾಲರ್ ಸಿಗುವುದೇ ಕಷ್ಟವಾಗಿತ್ತು. ಖಾಸಗಿ ಕಾಲೇಜಿನ ಅಧ್ಯಾಪಕರ ಸಂಬಳದಲ್ಲಿ ಸಮುದ್ರ ದಾಟಿ ಓದುವುದು ಬಹುಮಂದಿಗೆ ಎಟುಕದ ಮಾತು.

ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯ ಇರುವುದು ಆ ರಾಜ್ಯದ ರಾಜಧಾನಿ ಕೊಲಂಬಸ್ ನಗರದಲ್ಲಿ. ನರಸಿಂಹಯ್ಯನವರು ಅಲ್ಲಿಗೆ ಹೋದ ವರ್ಷ ವಿಜ್ಞಾನದ ಮಟ್ಟಿಗೆ ಸಾಮಾನ್ಯ ವರ್ಷವಾಗಿರಲಿಲ್ಲ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ವಿಜ್ಞಾನ ಶಿಕ್ಷಣದಲ್ಲಿ ತಾವು ಹಿಂದೆ ಬಿದ್ದೆವೆಂದು ಅಮೆರಿಕನ್ನರು ಗಾಬರಿಗೊಂಡರು. ಮರುವರ್ಷವೇ ವಿಜ್ಞಾನ, ಗಣಿತ ಮತ್ತು ಭಾಷಾ ಕಲಿಕೆಗೆ ಧಾರಾಳವಾಗಿ ಹಣ ಒದಗಿಸುವ ಕಾನೂನು ತಂದರು. ವಿಶ್ವವಿದ್ಯಾಲಯಗಳ ಭೌತಶಾಸ್ತ್ರ ವಿಭಾಗಗಳಿಗೆ ಅದು ಸುಗ್ಗಿಯ ಕಾಲ.

ಅದಕ್ಕಿಂತ ದೊಡ್ಡ ಸಂಗತಿ ಅವರ ವಿಷಯದ ಒಳಗೇ ನಡೆದಿತ್ತು. ಪ್ರಕೃತಿಯ ನಿಯಮಗಳು ಎಡ–ಬಲಗಳ ನಡುವೆ ಭೇದ ಮಾಡುವುದಿಲ್ಲ, ಕನ್ನಡಿಯೊಳಗಿನ ಜಗತ್ತೂ ಇದೇ ನಿಯಮಗಳಂತೆ ನಡೆಯುತ್ತದೆ ಎಂದು ಭೌತವಿಜ್ಞಾನಿಗಳು ದೃಢವಾಗಿ ನಂಬಿದ್ದರು. ಪ್ಯಾರಿಟಿ ಸಂರಕ್ಷಣೆ ಎಂಬ ಹೆಸರಿನಲ್ಲಿ ಅದು ಪಠ್ಯಪುಸ್ತಕದ ನಿಯಮವಾಗಿತ್ತು. 1956ರಲ್ಲಿ ಲೀ ಮತ್ತು ಯಾಂಗ್ ಎಂಬ ಇಬ್ಬರು ಯುವ ವಿಜ್ಞಾನಿಗಳು ಒಂದು ಸರಳ ಪ್ರಶ್ನೆ ಎತ್ತಿದರು. ದುರ್ಬಲ ಬಲದ ವಿಷಯದಲ್ಲಿ ಈ ನಿಯಮವನ್ನು ಯಾರಾದರೂ ಪರೀಕ್ಷಿಸಿ ನೋಡಿದ್ದಾರೆಯೇ ಎಂಬುದೇ ಆ ಪ್ರಶ್ನೆ. ಹುಡುಕಿದರೆ ಯಾರೂ ಪರೀಕ್ಷಿಸಿರಲಿಲ್ಲ. ವೂ ಎಂಬ ಪ್ರಯೋಗ ವಿಜ್ಞಾನಿ ತಮ್ಮ ಸಂಗಡಿಗರೊಂದಿಗೆ ಕೋಬಾಲ್ಟ್ ಬೀಜಗಳನ್ನು ಅತಿ ಶೀತಕ್ಕೆ ಇಳಿಸಿ ಪರೀಕ್ಷೆ ಮಾಡಿದರು. ನಿಯಮ ಮುರಿದುಬಿತ್ತು. 1957ರ ಆರಂಭದಲ್ಲಿ ಸುದ್ದಿ ಹೊರಬಿದ್ದು, ಅದೇ ವರ್ಷ ಲೀ ಮತ್ತು ಯಾಂಗ್ ಅವರಿಗೆ ನೊಬೆಲ್ ಬಹುಮಾನವೂ ಬಂದಿತು. ಎಲ್ಲರೂ ಒಪ್ಪಿಕೊಂಡಿದ್ದಾರೆ ಎಂಬ ಕಾರಣಕ್ಕೆ ಒಂದು ಮಾತನ್ನು ಸತ್ಯವೆನ್ನಬಾರದು ಎಂದು ಜಗತ್ತಿನ ಭೌತಶಾಸ್ತ್ರ ತರಗತಿಗಳಲ್ಲೆಲ್ಲ ಚರ್ಚೆಯಾಗುತ್ತಿದ್ದ ವರ್ಷವದು. ನರಸಿಂಹಯ್ಯನವರು ಬೀಜ ಭೌತಶಾಸ್ತ್ರದ ವಿದ್ಯಾರ್ಥಿಯಾಗಿ ಕಾಲಿಟ್ಟದ್ದು ಆ ವರ್ಷ. ಮುಂದೆ ಅವರು ನಡೆದ ದಾರಿಯನ್ನು ಬಲ್ಲವರಿಗೆ ಇದು ಬರಿಯ ಕಾಕತಾಳೀಯವಾಗಿ ಕಾಣುವುದಿಲ್ಲ.

ಅಮೆರಿಕದ ಪಿಎಚ್.ಡಿ. ವ್ಯವಸ್ಥೆ ಭಾರತದ ಅಂದಿನ ಕ್ರಮಕ್ಕಿಂತ ಬೇರೆ. ಇಲ್ಲಿ ಮಾರ್ಗದರ್ಶಕರೊಬ್ಬರ ಕೈಕೆಳಗೆ ನೇರವಾಗಿ ಪ್ರಬಂಧಕ್ಕೆ ಇಳಿಯುವುದು ರೂಢಿ. ಅಲ್ಲಿ ಮೊದಲು ಎಲ್ಲರಂತೆ ತರಗತಿಯಲ್ಲಿ ಕೂರಬೇಕು, ಮನೆಗೆಲಸದ ಲೆಕ್ಕಗಳನ್ನು ಬಿಡಿಸಿ ಒಪ್ಪಿಸಬೇಕು, ಅಂಕ ಪಡೆಯಬೇಕು. ಓಹಿಯೋ ಸ್ಟೇಟ್‌ನಲ್ಲಿ ಆಗ ವರ್ಷವನ್ನು ಕ್ವಾರ್ಟರ್‌ಗಳಾಗಿ ಒಡೆದಿದ್ದರು. ಕೆಲವೇ ವಾರಗಳಲ್ಲಿ ಪಾಠ ಮುಗಿದು ಪರೀಕ್ಷೆ ಎದುರಾಗುತ್ತಿತ್ತು. ಆಮೇಲೆ ಅರ್ಹತಾ ಪರೀಕ್ಷೆ, ಅದರಾಚೆಗೆ ಪ್ರಯೋಗ ಮತ್ತು ಪ್ರಬಂಧ. ಇಪ್ಪತ್ತೆರಡರ ಹುಡುಗನಿಗೆ ಇದು ಹೊಸದಲ್ಲ. ಹನ್ನೊಂದು ವರ್ಷ ಇತರರ ಉತ್ತರ ಪತ್ರಿಕೆಗಳನ್ನು ತಿದ್ದಿದವರಿಗೆ ತಮ್ಮ ಉತ್ತರ ಪತ್ರಿಕೆಯನ್ನು ಇನ್ನೊಬ್ಬರ ಕೈಗೆ ಕೊಡುವುದು ಬೇರೆಯೇ ಅನುಭವ. ತಪ್ಪಾದರೆ ತಮಗಿಂತ ಹದಿನೈದು ವರ್ಷ ಕಿರಿಯರ ಎದುರಿಗೆ ತಪ್ಪಾಗುತ್ತದೆ. ಕೆಲಸದಿಂದ ಓದಿಗೆ ಮರಳುವ ಬಹುಮಂದಿಯನ್ನು ಹಿಂಜರಿಸುವುದು ಶುಲ್ಕಕ್ಕಿಂತ ಹೆಚ್ಚಾಗಿ ಈ ಅಳುಕು. ನರಸಿಂಹಯ್ಯನವರು 1960ರಲ್ಲಿ ಪದವಿ ಪಡೆದು ಇದನ್ನು ದಾಟಿದರು.

ಇದೇ ದಾರಿಯನ್ನು ಅವರಿಗಿಂತ ಸುಮಾರು ನಾಲ್ಕು ದಶಕ ಮೊದಲೇ ತುಳಿದ ಮತ್ತೊಬ್ಬರು ಡಾ. ಬಿ. ಆರ್. ಅಂಬೇಡ್ಕರ್. ವಿದ್ಯಾರ್ಥಿವೇತನ ಮುಗಿದು 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬಂದ ಅವರು, 1918ರಿಂದ ಮುಂಬಯಿಯ ಸಿಡೆನ್‌ಹ್ಯಾಂ ವಾಣಿಜ್ಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ದುಡಿದರು. ಸಂಬಳದಲ್ಲಿ ಉಳಿಸಿದ ಹಣ ಮತ್ತು ಹಿತೈಷಿಗಳ ನೆರವಿನಿಂದ 1920ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿಗೆ ಮರಳಿದರು. 1923ರಲ್ಲಿ ಡಿ.ಎಸ್ಸಿ. ಪಡೆದರು. ಅವರಿಗೆ ಮುಗಿಸಬೇಕಾದ ಪದವಿಯೊಂದು ಬಾಕಿ ಇತ್ತು. ಎಚ್ಚೆನ್ ಅವರಿಗೆ ಹಾಗೆ ಬಾಕಿಯೇನೂ ಇರಲಿಲ್ಲ.

1960ರಲ್ಲಿ ಅಮೆರಿಕದ ಬೀಜ ಭೌತಶಾಸ್ತ್ರದ ಡಾಕ್ಟರೇಟ್ ಎಂದರೆ ಬಾಗಿಲುಗಳು ತಾವಾಗಿ ತೆರೆಯುವ ಕಾಲ. ಸ್ಪುಟ್ನಿಕ್ ನಂತರದ ಅಮೆರಿಕದಲ್ಲಿ ಭೌತವಿಜ್ಞಾನಿಗಳಿಗೆ ಬೇಡಿಕೆ ಏರಿತ್ತು. ಭಾರತದಲ್ಲೇ ಹೋಮಿ ಭಾಭಾ ಅವರ ಪರಮಾಣು ಸಂಸ್ಥೆ ಟ್ರಾಂಬೆಯಲ್ಲಿ ಬೆಳೆಯುತ್ತಿತ್ತು. ನರಸಿಂಹಯ್ಯನವರು ಆ ಯಾವ ಬಾಗಿಲನ್ನೂ ತಟ್ಟಲಿಲ್ಲ. ಹಾಸ್ಟೆಲಿನ ಕೋಣೆಗೆ, ನ್ಯಾಷನಲ್ ಕಾಲೇಜಿನ ಪದವಿ ತರಗತಿಗಳಿಗೆ ಮರಳಿದರು. 1961ರಲ್ಲಿ ಪ್ರಾಂಶುಪಾಲರಾದರು. ಮುಂದೆ ಅಮೆರಿಕದ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಅತಿಥಿ ಪ್ರಾಧ್ಯಾಪಕರಾಗಿ ಹೋದಾಗಲೂ ಅಲ್ಲಿ ನೆಲೆಸದೆ ಬಸವನಗುಡಿಗೇ ಬಂದರು.

ಬೀಜ ಭೌತಶಾಸ್ತ್ರಕ್ಕೆ ಇದರಿಂದ ಲಾಭವಾಗಲಿಲ್ಲ ಎಂದು ಒಪ್ಪಬೇಕಾಗುತ್ತದೆ. ಎಚ್ಚೆನ್ ಅವರ ಹೆಸರು ಮುಂದೆ ಬೆಳಗಿದ್ದು ಆ ವಿಷಯದ ಸಂಶೋಧನೆಯಿಂದಲ್ಲ. ಮೂರು ವರ್ಷ ಬೆವರು ಸುರಿಸಿ ಕಲಿತ ವಿದ್ಯೆಯನ್ನು ಪದವಿ ತರಗತಿಯ ಹುಡುಗರಿಗೆ ಓಮ್ ನಿಯಮ ಹೇಳಲು ಬಳಸುವುದು ಪೋಲಲ್ಲವೇ ಎಂದು ಸಂಶೋಧಕರು ಕೇಳಿದರೆ ಅದು ಅನ್ಯಾಯದ ಪ್ರಶ್ನೆಯಲ್ಲ. ಹಣದ ಲೆಕ್ಕದಲ್ಲಂತೂ ಜಮೆಯ ಕಡೆ ಬರೆಯಲು ಹೆಚ್ಚೇನೂ ಇರಲಿಲ್ಲ.

ಆದರೆ ಕೊಲಂಬಸ್ಸಿನಿಂದ ಅವರು ತಂದದ್ದು ಎಲ್ಲಿ ಬಳಕೆಯಾಯಿತು ಎಂದು ಹುಡುಕಿದರೆ 1962ಕ್ಕೆ ಬಂದು ನಿಲ್ಲಬೇಕು. ಆ ವರ್ಷ ಅವರು ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ಪ್ರತಿ ಬುಧವಾರ ಸಂಜೆ ಕಾಲೇಜಿನ ಸಭಾಂಗಣದಲ್ಲಿ ಒಂದು ವಿಜ್ಞಾನ ಉಪನ್ಯಾಸ. ಪ್ರವೇಶಕ್ಕೆ ಶುಲ್ಕವಿಲ್ಲ, ಪದವಿಯ ಪ್ರಶ್ನೆಯಿಲ್ಲ. ಕಾಲೇಜು ವಿದ್ಯಾರ್ಥಿ, ಬ್ಯಾಂಕ್ ಗುಮಾಸ್ತ, ನಿವೃತ್ತ ಎಂಜಿನಿಯರ್, ಗಾಂಧಿಬಜಾರಿಗೆ ಬಂದ ಗೃಹಸ್ಥ ಯಾರು ಬೇಕಾದರೂ ಬಂದು ಕೂರಬಹುದು, ಕೊನೆಯಲ್ಲಿ ಎದ್ದು ಪ್ರಶ್ನೆ ಕೇಳಬಹುದು. ದೇಶದ ಪ್ರಮುಖ ವಿಜ್ಞಾನಿಗಳು ಆ ವೇದಿಕೆಯಲ್ಲಿ ನಿಂತು ಮಾತನಾಡಿದರು. ಪ್ರತಿ ವರ್ಷ ಬೇಸಿಗೆ ಕಳೆದ ಮೇಲೆ ನಡೆಯುವ ವಿಜ್ಞಾನೋತ್ಸವವೂ ಇದಕ್ಕೆ ಸೇರಿತು. ಕೆಲಸ ಬಿಡಲಾಗದವನಿಗೆ, ಸಮುದ್ರ ದಾಟಲಾಗದವನಿಗೆ, ವಾರಕ್ಕೊಂದು ಸಂಜೆ ತರಗತಿಗೆ ಮರಳುವ ವ್ಯವಸ್ಥೆ ಇದು. ಲಲಿತ ಕಲೆಗಳಿಗೂ ಅವರು ಇಂತಹುದೇ ಒಂದು ಪರಿಷತ್ತನ್ನು ಕಟ್ಟಿದರು. ಸಂಗೀತ, ನಾಟಕಗಳಲ್ಲಿ ಅವರಿಗಿದ್ದ ಆಸಕ್ತಿ, ಉಪ್ಪಿಟ್ಟಿನ ಮೇಲೆ ಅವರಿಗಿದ್ದ ಪ್ರೀತಿಯಷ್ಟೇ ಪ್ರಸಿದ್ಧವಾಗಿತ್ತು.

ಊರ ಕಡೆಯನ್ನೂ ಮರೆಯಲಿಲ್ಲ. ನಡೆದು ಬಂದ ದಾರಿಯನ್ನು ಮತ್ತೊಬ್ಬ ಹುಡುಗ ನಡೆಯಬೇಕಾಗಬಾರದೆಂದು ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಸಂಸ್ಥೆಯ ಕಾಲೇಜುಗಳು ಬೆಳೆಯಲು ದುಡಿದರು.

1972ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1977ರವರೆಗೆ ಆ ಸ್ಥಾನದಲ್ಲಿದ್ದರು. ಜ್ಞಾನಭಾರತಿ ಆವರಣ ರೂಪುಗೊಂಡದ್ದು ಆ ವರ್ಷಗಳಲ್ಲಿ. ಸಂಗೀತ, ನೃತ್ಯ, ನಾಟಕಗಳಿಗೆ ವಿಶ್ವವಿದ್ಯಾಲಯದಲ್ಲಿ ಸ್ಥಾನ ದೊರೆತದ್ದೂ ಆಗಲೇ. ತುಮಕೂರು ಜಿಲ್ಲೆಯ ಕಾಲೇಜುಗಳು 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಆಗುವ ತನಕ ಬೆಂಗಳೂರು ವಿಶ್ವವಿದ್ಯಾಲಯಕ್ಕೇ ಸೇರಿದ್ದವು. ಹೆಬ್ಬೂರು, ಗೂಳೂರುಗಳಿಂದ ಕುಣಿಗಲ್ ರಸ್ತೆಯ ಬಸ್ಸು ಹಿಡಿದು ತುಮಕೂರಿಗೆ ಬಂದು ಓದಿದ ಒಂದು ತಲೆಮಾರಿನವರ ಪದವಿ ಪತ್ರಗಳಲ್ಲಿ ಇರುವುದು ಆ ಹೆಸರೇ. ಕುಲಪತಿಗಳಿಗೆ ಮನೆ, ಕಾರು, ಆಳುಕಾಳುಗಳ ಸೌಕರ್ಯವಿರುವಾಗಲೂ ಎಚ್ಚೆನ್ ಹಾಸ್ಟೆಲಿನ ಕೋಣೆಯಲ್ಲೇ ಉಳಿದರು.

ಅವರ ಹೆಸರು ದೇಶಕ್ಕೆಲ್ಲ ತಿಳಿದದ್ದು 1976ರಲ್ಲಿ. ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ತನಿಖೆ ಮಾಡಲು ವಿಶ್ವವಿದ್ಯಾಲಯದಲ್ಲಿ ಅವರು ಒಂದು ಸಮಿತಿ ರಚಿಸಿದರು. ಗಾಳಿಯಿಂದ ವಸ್ತುಗಳನ್ನು ಸೃಷ್ಟಿಸುತ್ತಾರೆಂದು ಭಕ್ತರು ನಂಬಿದ್ದ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ, ಸಮಿತಿಯ ಎದುರು ಅದನ್ನು ಮಾಡಿ ತೋರಿಸಬೇಕೆಂದು ಕೋರಿ ಒಂದರ ಹಿಂದೊಂದು ಮೂರು ಪತ್ರ ಬರೆದರು. ಬಾಬಾ ಪರೀಕ್ಷೆಗೆ ಒಪ್ಪಲಿಲ್ಲ. ಪತ್ರಿಕೆಗಳಲ್ಲಿ ಪರವಿರೋಧದ ಚರ್ಚೆ ತಿಂಗಳುಗಟ್ಟಲೆ ನಡೆಯಿತು. ನಂಬಿಕೆಯ ವಿಷಯದಲ್ಲಿ ವಿಶ್ವವಿದ್ಯಾಲಯಕ್ಕೆ ಏನು ಕೆಲಸ ಎಂದು ಬಹಳ ಜನ ಕೆರಳಿದರು. ಶ್ರದ್ಧೆಯನ್ನು ಪ್ರಯೋಗಶಾಲೆಗೆ ಎಳೆಯುವುದು ಸರಿಯಲ್ಲ ಎಂದು ಹೇಳಿದವರಲ್ಲಿ ವಿದ್ಯಾವಂತರೂ ಇದ್ದರು. ಎಚ್ಚೆನ್ ಅವರ ನಿಲುವು ಸರಳವಾಗಿತ್ತು. ಪ್ರಕೃತಿ ನಿಯಮವನ್ನು ಮೀರಿದ್ದೇನೆಂದು ಸಾರುವ ಘಟನೆಯನ್ನು ಪರೀಕ್ಷಿಸುವ ಹಕ್ಕು ಎಲ್ಲರಿಗೂ ಇದೆ, ವಿಶ್ವವಿದ್ಯಾಲಯಕ್ಕಂತೂ ಅದು ಕರ್ತವ್ಯ. ಪ್ಯಾರಿಟಿಯನ್ನೇ ಪರೀಕ್ಷೆಗೆ ಒಡ್ಡಿದ ವರ್ಷದಲ್ಲಿ ಬೀಜ ಭೌತಶಾಸ್ತ್ರದ ಬೆಂಚಿನ ಮೇಲೆ ಕುಳಿತಿದ್ದವರಿಗೆ ವಿಭೂತಿಯನ್ನು ಪರೀಕ್ಷಿಸುವುದರಲ್ಲಿ ಅಸಹಜವೇನೂ ಕಾಣದಿದ್ದರೆ ಅಚ್ಚರಿಯಿಲ್ಲ. ಅವರು ಕುಲಪತಿ ಸ್ಥಾನದಿಂದ ಇಳಿದ ವರ್ಷವೇ, 1977ರ ಆಗಸ್ಟ್‌ನಲ್ಲಿ, ಸಮಿತಿಯನ್ನು ವಿಸರ್ಜಿಸಲಾಯಿತು. ಆದರೆ ಕರ್ನಾಟಕದಲ್ಲಿ ಪವಾಡಗಳ ಕುರಿತು ಬಹಿರಂಗವಾಗಿ ಪ್ರಶ್ನೆ ಕೇಳುವುದಕ್ಕೆ ಒಂದು ಪೂರ್ವೋದಾಹರಣೆ ಉಳಿಯಿತು.

1984ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಹೋರಾಟದ ಹಾದಿ ಎಂಬ ಹೆಸರಿನಲ್ಲಿ ಆತ್ಮಕಥೆ ಬರೆದರು. ತೆರೆದ ಮನ ಎಂಬುದು ಅವರ ಇನ್ನೊಂದು ಪುಸ್ತಕ. ನ್ಯಾಷನಲ್ ಶಿಕ್ಷಣ ಸಂಸ್ಥೆಯ ಅಧ್ಯಕ್ಷರಾಗಿ ಮುಪ್ಪಿನಲ್ಲೂ ದುಡಿದರು. ಬುಧವಾರದ ಉಪನ್ಯಾಸಗಳಿಗೆ ಬಂದು ಕೇಳುಗರ ನಡುವೆ ಕೂರುವುದನ್ನು ಬಿಡಲಿಲ್ಲ.

2005ರ ಜನವರಿ 31ರಂದು ಬೆಂಗಳೂರಿನಲ್ಲಿ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಎಚ್. ನರಸಿಂಹಯ್ಯನವರು ನಿಧನರಾದರು. ಅವರಿಗೆ ಸ್ವಂತ ಮನೆಯಿರಲಿಲ್ಲ. ಕಾಲೇಜಿನ ಸಭಾಂಗಣಕ್ಕೆ ಅವರ ಹೆಸರಿಡಲಾಯಿತು. ಬುಧವಾರದ ವಿಜ್ಞಾನ ಉಪನ್ಯಾಸಗಳು ಅವರ ನಂತರವೂ ಅಲ್ಲಿ ಮುಂದುವರಿದವು.